ಡೇರಿಯಸ್ ಹೇಳಿದ್ದು, ಹೆರೊಡೊಟಸ್ ಕೇಳಿದ್ದು: ಇರಾನಿನಲ್ಲಿ ಏಳು ದಿನ

ಮೊದಲ ದಿನ: ಟೆಹರಾನ್

ಮಾವನ ಬ್ಯಾಗಿನಲ್ಲಿ ಎರಡು ಕೆಜಿ ಅವಲಕ್ಕಿ, ಒಂದು ಡಬ್ಬಿ ಚಟ್ನಿಪುಡಿ, ಒಂದು ದುರ್ಬೀನು, ಮತ್ತೆ ರಟ್ಟು ಕಿತ್ತುಹೋದ ಒಂದು ನೋಟ್‌ಬುಕ್ಕು. ನೋಟ್‌ಬುಕ್ಕಿನ ತುಂಬ ಹೆರೊಡೊಟಸ್. ಚಿತ್ರದುರ್ಗದ ಹೈಸ್ಕೂಲಿನಲ್ಲಿ 31 ವರ್ಷ ಸಮಾಜ ಪಾಠ ಮಾಡಿದವರು ನನ್ನ ಸೋದರಮಾವ. ಆ ಗ್ರೀಕ್ ಇತಿಹಾಸಕಾರ ಅಂದರೆ ಅವರಿಗೆ ಒಂಥರಾ ಮನೆದೇವರು. ನಿವೃತ್ತಿಯಾದ ದಿನವೇ ಹೇಳಿದ್ದರು, "ಸಾಯೋದರೊಳಗೆ ಒಂದ್ಸಲ ಪರ್ಸೆಪೊಲಿಸ್ ನೋಡಬೇಕು ಕಣೋ." ಹಳೆಯ ಪರ್ಷಿಯಾದ ರಾಜಧಾನಿ ಅದು, ಈಗಿನ ಇರಾನಿನಲ್ಲಿದೆ. ನಾನು ಸುಮ್ನೆ ಹೂಂ ಅಂದಿದ್ದೆ. ಅದು ಇಲ್ಲಿಗೆ ಬಂದು ನಿಂತಿತು.

ಅಕ್ಟೋಬರ್ ತಿಂಗಳು. ಟೆಹರಾನಿನಲ್ಲಿ ಬೆಳಗ್ಗೆ ಸ್ವೆಟರ್ ಬೇಕು, ಮಧ್ಯಾಹ್ನ ಬೇಡ. ನಮ್ಮ ಕಾರ್ಡುಗಳು ಅಲ್ಲಿ ನಡೆಯುವುದಿಲ್ಲ, ನಗದು ಒಯ್ಯಬೇಕು. ಬೋರ್ಡಿನಲ್ಲಿ ರಿಯಾಲ್, ಬಾಯಲ್ಲಿ ತೊಮಾನ್. ಹತ್ತು ರಿಯಾಲಿಗೆ ಒಂದು ತೊಮಾನ್. ಮೊದಲ ಟ್ಯಾಕ್ಸಿಯವನಿಗೆ ಹತ್ತು ಪಟ್ಟು ಕೊಡಲು ಹೋದೆ. ಅವನೇ ನಕ್ಕು ಉಳಿದ ನೋಟು ವಾಪಸ್ ಕೈಗಿಟ್ಟ.

ರಾಷ್ಟ್ರೀಯ ವಸ್ತುಸಂಗ್ರಹಾಲಯದ ಇಟ್ಟಿಗೆ ಕಮಾನು ದಾಟಿ ಒಳಗೆ ಹೋದರೆ ಡೇರಿಯಸ್ ನಿಂತಿದ್ದಾನೆ, ಎರಡೂವರೆ ಸಾವಿರ ವರ್ಷದ ಹಿಂದಿನ ಪರ್ಷಿಯಾದ ದೊರೆ. ತಲೆ ಇಲ್ಲ. ತಲೆ ಇಲ್ಲದೆಯೂ ಎರಡೂವರೆ ಮೀಟರ್ ಹತ್ತಿರ ಎತ್ತರ. 1972ರಲ್ಲಿ ಸೂಸಾ ಪಟ್ಟಣದ ಅಗೆತದಲ್ಲಿ ಸಿಕ್ಕ ವಿಗ್ರಹ ಇದು, ಆದರೆ ಕಡೆದದ್ದು ಈಜಿಪ್ಟಿನಲ್ಲಿ. ನಿಲುವಂಗಿಯ ನೆರಿಗೆಗಳ ಮೇಲೆಲ್ಲ ಬರಹ. ಒಂದು ಪಕ್ಕದ ನೆರಿಗೆಯಲ್ಲಿ ಮೊಳೆಯಾಕಾರದ ಕ್ಯೂನಿಫಾರ್ಮ್ ಅಕ್ಷರ, ಇನ್ನೊಂದು ಪಕ್ಕದಲ್ಲಿ ಈಜಿಪ್ಟಿನ ಚಿತ್ರಲಿಪಿ.

ಕ್ಯೂನಿಫಾರ್ಮಿನಲ್ಲಿ ಇರುವುದು ಇಷ್ಟು: ಈ ವಿಗ್ರಹ ನೋಡಿದವರಿಗೆ ಪರ್ಷಿಯಾದ ಮನುಷ್ಯ ಈಜಿಪ್ಟನ್ನು ಗೆದ್ದ ಎಂದು ತಿಳಿಯಲಿ. ಚಿತ್ರಲಿಪಿಯ ಕಡೆ ಹೋದರೆ ಮಾತಿನ ದಾಟಿಯೇ ಬೇರೆ. ಅಲ್ಲಿ ಇವನು ಈಜಿಪ್ಟಿನ ದೇವರುಗಳ ಮಗ, ಒಳ್ಳೆಯ ದೇವರು, ಎರಡೂ ನಾಡುಗಳ, ಅಂದರೆ ಮೇಲಿನ ಮತ್ತು ಕೆಳಗಿನ ಈಜಿಪ್ಟಿನ, ಒಡೆಯ.

"ಒಂದೇ ಅಂಗಿ ನೋಡು," ಅಂದರು ಮಾವ. "ಒಂದು ಮಗ್ಗುಲಲ್ಲಿ ಗೆದ್ದವನು, ಇನ್ನೊಂದು ಮಗ್ಗುಲಲ್ಲಿ ಮನೆಮಗ."

ಪೀಠದ ಸುತ್ತ ಇಪ್ಪತ್ತನಾಲ್ಕು ನಾಡಿನ ಜನ ಮಂಡಿಯೂರಿ ಕೈ ಎತ್ತಿದ್ದಾರೆ. ಅವರಲ್ಲಿ ನಮ್ಮ ಸಿಂಧೂ ಕಡೆಯವನೂ ಒಬ್ಬ. ಅವನನ್ನು ಹುಡುಕಲು ಮಾವ ಪೀಠಕ್ಕೆ ಎರಡು ಸುತ್ತು ಹಾಕಿದರು. ದೇವಸ್ಥಾನ ಅಂದುಕೊಂಡನೋ ಏನೋ, ಕಾವಲಿನ ಹುಡುಗ ಮೂರನೇ ಸುತ್ತಿಗೆ ದಾರಿ ಬಿಟ್ಟು ನಿಂತ.

ಅದೇ ಮಹಡಿಯಲ್ಲಿ ಒಂದು ಗಾಜಿನ ಪೆಟ್ಟಿಗೆ. ಒಳಗೆ ಸವೆದ ಸೋಪಿನ ತುಂಡಿನಂಥ ಮಣ್ಣಿನ ಬಿಲ್ಲೆಗಳು. ಮಾವ ಅದನ್ನು ಅರ್ಧ ನಿಮಿಷವೂ ನೋಡಲಿಲ್ಲ. ಅದರ ವಿಷಯ ಐದನೇ ದಿನಕ್ಕೆ ಬರುತ್ತದೆ.

ಎರಡನೇ ದಿನ: ಹಮದಾನ್

ಟೆಹರಾನಿನಿಂದ ಸುಮಾರು 320 ಕಿಲೋಮೀಟರ್. ನಮ್ಮ ಡ್ರೈವರ್ ಕೆರ್ಮಾನ್‌ಶಾಹ್ ಕಡೆಯ ಕುರ್ದ್ ಮನುಷ್ಯ, ಐವತ್ತರ ಆಸುಪಾಸು. ನಮ್ಮ ಇಂಗ್ಲಿಷ್ ಅವನಿಗೆ ತಿಳಿಯದು, ಅವನ ಪಾರ್ಸಿ ನಮಗೆ ತಿಳಿಯದು. ಆದರೆ ಮಾವ ದುರ್ಬೀನು ತೆಗೆದ ಕೂಡಲೇ ಅವನು "ದೂರ್‌ಬೀನ್!" ಅಂದ. ನಾವೂ ಅದನ್ನೇ ಅಂತೀವಲ್ಲ ಎಂದು ಮಾವನಿಗೆ ಖುಷಿಯೋ ಖುಷಿ. ಖುಷಿಯೂ ಅವನ ಭಾಷೆಯದೇ. ಅಲ್ಲಿಂದ ಶುರುವಾಯಿತು ನೋಡಿ: ದರ್ವಾಜ, ಜಮೀನು, ಕಾಗದ, ಬಜಾರು. ಹಮದಾನ್ ಬರುವವರೆಗೂ ಇಬ್ಬರೂ ಒಂದೊಂದೇ ಪದ ಎಸೆದು ಆಡಿದರು.

ಹಳೆಯ ಕಾಲದ ರಾಜಧಾನಿ ಎಕ್ಬಟಾನ ಇದೇ. ಊರ ಹೊರಗೆ ಅಲ್ವಂದ್ ಬೆಟ್ಟದ ಬುಡದಲ್ಲಿ ಗಂಜ್‌ನಾಮೆ ಅನ್ನುವ ಜಾಗ. ಪಕ್ಕದಲ್ಲೇ ಒಂದು ಸಣ್ಣ ಜಲಪಾತ, ಚಹಾ ಅಂಗಡಿಗಳು. ಬಂಡೆಯ ಮೇಲೆ ಎರಡು ಚೌಕ. ಒಂದು ಡೇರಿಯಸ್‌ನದು, ಇನ್ನೊಂದು ಅವನ ಮಗ ಕ್ಸರ್ಕ್ಸಿಸ್‌ನದು. ತಲಾ ಮೂರು ಭಾಷೆ. ಗಂಜ್‌ನಾಮೆ ಅಂದರೆ ನಿಧಿಯ ಪತ್ರ. ಓದಲು ಬಾರದ ಕಾಲದಲ್ಲಿ ಜನ ಇದರೊಳಗೆ ನಿಧಿಯ ಗುಟ್ಟಿದೆ ಎಂದು ನಂಬಿದ್ದರು. ಓದಿದ ಮೇಲೆ ಸಿಕ್ಕಿದ್ದು: ಅಹುರಮಜ್ದ ದೊಡ್ಡ ದೇವರು, ಭೂಮಿ ಮಾಡಿದ, ಆಕಾಶ ಮಾಡಿದ, ನನ್ನನ್ನು ರಾಜನನ್ನಾಗಿ ಮಾಡಿದ. ಅಪ್ಪನ ಚೌಕದಲ್ಲೂ ಹೆಚ್ಚುಕಡಿಮೆ ಅದೇ, ಮಗನದರಲ್ಲೂ ಅದೇ. ಮಾವ ನಿವೃತ್ತ ಮೇಷ್ಟರಲ್ಲವೇ, ಕೂಡಲೇ ತೀರ್ಪು ಕೊಟ್ಟರು. "ಮಗ ಕಾಪಿ ಹೊಡೆದಿದ್ದಾನೆ."

ಸಂಜೆ ಊರೊಳಗೆ ಎಸ್ತರ್ ಮತ್ತು ಮೊರ್ದೆಕೈ ಅವರದು ಎನ್ನುವ ಸಮಾಧಿಗೆ ಹೋದೆವು. ಇಟ್ಟಿಗೆಯ ಗುಮ್ಮಟ. ತಗ್ಗಾದ ಕಲ್ಲಿನ ಬಾಗಿಲು, ತಲೆ ಬಗ್ಗಿಸದೆ ಒಳಗೆ ಹೋಗುವ ಹಾಗಿಲ್ಲ. ಯೆಹೂದಿಗಳ ಧರ್ಮಗ್ರಂಥದಲ್ಲಿ ಎಸ್ತರಳ ಗಂಡನ ಹೆಸರು ಅಹಷ್ವೇರೋಷ್. ಅದು ಕ್ಸರ್ಕ್ಸಿಸ್‌ನ ಹೆಸರೇ, ಹೀಬ್ರೂ ಬಾಯಿಗೆ ತಕ್ಕಂತೆ ಬದಲಾಗಿದೆ. ಭಾರತದಿಂದ ಇಥಿಯೋಪಿಯಾದವರೆಗೆ ಆಳಿದವನು ಎಂದೇ ಆ ಕಥೆ ಶುರುವಾಗುವುದು. ಕಥೆಯಲ್ಲಿ ಅವನೊಬ್ಬ ಕುಡುಕ ದೊರೆ. ಯಾರು ಏನು ಹೇಳಿದರೂ ತಲೆದೂಗಿ ಮುದ್ರೆ ಒತ್ತುತ್ತಾನೆ, ಆಮೇಲೆ ಪೇಚಾಡುತ್ತಾನೆ. ಇತಿಹಾಸಕಾರರು ಇದನ್ನು ಕಥೆ ಎಂದೇ ನೋಡುತ್ತಾರೆ. ಹೆರೊಡೊಟಸ್ ಹೇಳುವ ರಾಣಿ ಬೇರೆ, ಅಮೆಸ್ಟ್ರಿಸ್ ಅಂತ. ಆದರೂ ನನಗೆ ಅನ್ನಿಸಿದ್ದು, ಗ್ರೀಕರ ಕ್ಸರ್ಕ್ಸಿಸ್‌ಗಿಂತ ಈ ಪೆದ್ದ ಕ್ಸರ್ಕ್ಸಿಸ್ ವಾಸಿ. ಗ್ರೀಕರು ಅವನಿಂದ ಸಮುದ್ರಕ್ಕೇ ಮುನ್ನೂರು ಛಡಿ ಏಟು ಹಾಕಿಸಿದ್ದಾರೆ!

ಮೂರನೇ ದಿನ: ಬಿಸುತೂನ್

ನನ್ನ ಮಟ್ಟಿಗೆ ಇಡೀ ಪ್ರವಾಸ ಈ ಒಂದು ಬಂಡೆಗಾಗಿ.

ಹಮದಾನಿನಿಂದ ಕೆರ್ಮಾನ್‌ಶಾಹ್‌ಗೆ ಹೋಗುವ ದಾರಿಯಲ್ಲಿ, ಊರು ಇನ್ನೂ ಮೂವತ್ತು ಕಿಲೋಮೀಟರ್ ಇರುವಾಗ, ಬಯಲಿನಿಂದ ನೆಟ್ಟಗೆ ಎದ್ದ ಬಂಡೆ. ಡ್ರೈವರ್ ಗಾಡಿ ನಿಲ್ಲಿಸಿ ಬೆರಳು ತೋರಿಸಿದ. ಮೊದಲಿಗೆ ಕಬ್ಬಿಣದ ಅಟ್ಟಣಿಗೆ ಬಿಟ್ಟು ಏನೂ ಕಾಣಲಿಲ್ಲ. ದುರ್ಬೀನಿನಲ್ಲಿ ನೋಡಿದ ಮೇಲೆ ಸಾಲು ಮೂಡಿತು.

ಎಡಕ್ಕೆ ಡೇರಿಯಸ್. ಎಡಗೈಯಲ್ಲಿ ಬಿಲ್ಲು. ಅವನ ಹಿಂದೆ ಇಬ್ಬರು. ಕಾಲ ಕೆಳಗೆ ಒಬ್ಬ ಅಂಗಾತ ಬಿದ್ದು ಎರಡೂ ಕೈ ಮೇಲೆತ್ತಿದ್ದಾನೆ. ಎದುರಿಗೆ ಒಂಬತ್ತು ಜನ, ಕೈ ಹಿಂದಕ್ಕೆ ಕಟ್ಟಿದೆ, ಕೊರಳಿಗೆ ಒಂದೇ ಹಗ್ಗ. ಕೊನೆಯವನ ತಲೆಯ ಮೇಲೆ ಚೂಪು ಟೋಪಿ. ಅವನು ಸಕ ಜನಾಂಗದ ಸ್ಕುಂಖ, ಆಮೇಲೆ ಸೇರಿಸಿದ್ದು. ಅವನಿಗೆ ಜಾಗ ಮಾಡಲು ಮೊದಲೇ ಕೆತ್ತಿದ್ದ ಬರಹದ ಒಂದು ಭಾಗವನ್ನೇ ಕಡಿದು ಹಾಕಿದ್ದಾರೆ.

"ಇದನ್ನು ಕೆಳಗಿನಿಂದ ಓದೋರು ಯಾರು?" ಅಂದೆ. ಓದುವ ಪ್ರಶ್ನೆಯೇ ಇಲ್ಲ. ಕೆಲಸ ಮುಗಿದ ಮೇಲೆ ಹತ್ತುವ ದಾರಿಯನ್ನೂ ಕಡಿದರು. ಆದರೆ ನಕಲುಗಳು ಸಾಮ್ರಾಜ್ಯದ ತುಂಬ ಓಡಾಡಿದವು. ಬ್ಯಾಬಿಲೋನಿನಲ್ಲಿ ಕಲ್ಲಿನ ತುಂಡುಗಳು ಸಿಕ್ಕಿವೆ. ಈಜಿಪ್ಟಿನ ಎಲಿಫೆಂಟೈನ್ ನಡುಗಡ್ಡೆಯಲ್ಲಿ ಅರಮಾಯಿಕ್ ಭಾಷೆಯ ಪಪೈರಸ್ ಪ್ರತಿ ಸಿಕ್ಕಿದೆ. ಬಂಡೆ ದೇವರಿಗೆ, ನಕಲು ಜನಕ್ಕೆ.

ಬರಹದ ಸಾರ ಹೀಗಿದೆ. ಸಾಮ್ರಾಜ್ಯ ಕಟ್ಟಿದ ಸೈರಸ್‌ನ ಮಗ ಕ್ಯಾಂಬೈಸಿಸ್ ಗುಟ್ಟಾಗಿ ತನ್ನ ತಮ್ಮ ಬರ್ದಿಯನನ್ನು ಕೊಲ್ಲಿಸಿದ. ಆಮೇಲೆ ಈಜಿಪ್ಟಿಗೆ ಹೋದ. ಅವನು ಅಲ್ಲಿರುವಾಗ ಗೌಮಾತ ಎಂಬ ಪುರೋಹಿತ "ನಾನೇ ಬರ್ದಿಯ" ಎಂದು ಸಿಂಹಾಸನ ಏರಿದ. ಯಾರಿಗೂ ಬಾಯಿ ಬಿಡುವ ಧೈರ್ಯವಿರಲಿಲ್ಲ. ಕ್ಯಾಂಬೈಸಿಸ್ ಸತ್ತ. ಕ್ರಿ.ಪೂ. 522ರ ಸೆಪ್ಟೆಂಬರ್ ಕೊನೆಯಲ್ಲಿ ಡೇರಿಯಸ್ ಆರು ಜನರ ಜೊತೆಗೂಡಿ ಆ ಗೌಮಾತನನ್ನು ಕೊಂದ. ಒಂದೇ ವರ್ಷದಲ್ಲಿ 19 ಕಾಳಗ ಗೆದ್ದ, ಒಂಬತ್ತು ರಾಜರನ್ನು ಹಿಡಿದ. ಆ ಒಂಬತ್ತೂ ಜನ ಸುಳ್ಳುಗಾರರು.

ಸ್ವಲ್ಪ ನಿಧಾನಕ್ಕೆ ಯೋಚಿಸಿ. ರಾಜನ ತಮ್ಮನ ಕೊಲೆ ಯಾರಿಗೂ ಗೊತ್ತಿರಲಿಲ್ಲ. ಅಚ್ಚು ಅವನಂತೆಯೇ ಇದ್ದ ಇನ್ನೊಬ್ಬ ಬಂದ. ಗುಟ್ಟು ಬಯಲು ಮಾಡಿದವನೇ ಅವನನ್ನು ಕೊಂದ, ಕೊಂದವನೇ ರಾಜನಾದ. ನಮ್ಮೂರ ಪಂಚಾಯ್ತಿ ಕಟ್ಟೆಯಲ್ಲಿ ಯಾರಾದರೂ ಈ ಕಥೆ ಹೇಳಿದ್ದರೆ "ಹೋಗಪ್ಪಾ" ಅನ್ನುತ್ತಿದ್ದರು. ಅನೇಕ ಇತಿಹಾಸಕಾರರ ಅನುಮಾನವೂ ಅದೇ: ಡೇರಿಯಸ್ ಕೊಂದದ್ದು ನಿಜವಾದ ಬರ್ದಿಯನನ್ನೇ ಇರಬೇಕು.

ಡೇರಿಯಸ್‌ಗೂ ಆ ಅಳುಕು ಇತ್ತು ಅಂತ ಕಾಣುತ್ತದೆ. ನಾಲ್ಕನೇ ಅಂಕಣದಲ್ಲಿ ಮತ್ತೆ ಮತ್ತೆ ಗೋಗರೆಯುತ್ತಾನೆ: ಮುಂದೆ ಇದನ್ನು ಓದುವವನೇ, ನಂಬು, ಸುಳ್ಳು ಅನ್ನಬೇಡ. ಆಮೇಲೆ ಬರುವ ಮಾತು ನನಗೆ ಬಹಳ ಇಷ್ಟ. ನಾನು ಇನ್ನೂ ಎಷ್ಟೋ ಮಾಡಿದ್ದೇನೆ, ಆದರೆ ಬರೆಸಿಲ್ಲ. ಎಲ್ಲ ಬರೆಸಿದರೆ ಓದಿದವನಿಗೆ ಅತಿಯಾಯಿತು ಅನ್ನಿಸಿ ನಂಬದೇ ಹೋದಾನು! ನಿಜ ಹೇಳುವವನು ಇಷ್ಟು ಆಣೆ ಇಡುತ್ತಾನಾ?

ಮಾವನಿಗೆ ಮಾತ್ರ ಬೇರೆಯದೇ ಸಂಭ್ರಮ. ಹೆರೊಡೊಟಸ್ ಈ ಬಂಡೆ ನೋಡಿದವನಲ್ಲ. ಘಟನೆ ನಡೆದು ಎಪ್ಪತ್ತು ಎಂಬತ್ತು ವರ್ಷದ ಮೇಲೆ, ಸಾವಿರಕ್ಕೂ ಹೆಚ್ಚು ಮೈಲಿ ಆಚೆ ಕೂತು ಬರೆದವನು. ಆದರೂ ಡೇರಿಯಸ್‌ಗೆ ಜೊತೆಯಾದ ಆರು ಜನರ ಹೆಸರಿನಲ್ಲಿ ಐದು ಸರಿಯಾಗಿ ಕೊಟ್ಟಿದ್ದಾನೆ. "ಆರಕ್ಕೆ ಐದು! ಫಸ್ಟ್ ಕ್ಲಾಸ್!" ಎಂದು ಮಾವ ರಸ್ತೆ ಬದಿಯಲ್ಲಿ ನೋಟ್‌ಬುಕ್ಕು ತಟ್ಟಿದರು. ನಾನು ತಕರಾರು ತೆಗೆದೆ. ಹೆಸರು ಸರಿ ಅಂದರೆ ಏನಾಯಿತು? ಡೇರಿಯಸ್ ಊರೂರಿಗೆ ಕಳಿಸಿದ ಕಥೆಯೇ ಬಾಯಿಂದ ಬಾಯಿಗೆ ಹೋಗಿ ಅವನನ್ನೂ ಮುಟ್ಟಿದೆ. ಸಾಕ್ಷಿ ಇಬ್ಬರು, ಮೂಲ ಒಂದೇ. ಮಾವ ಅರ್ಧ ಗಂಟೆ ಮಾತಾಡಲಿಲ್ಲ.

ಅವರನ್ನು ಸಮಾಧಾನ ಮಾಡಿದ್ದು ಇಬ್ನ್ ಹೌಕಲ್. ಹತ್ತನೇ ಶತಮಾನದ ಈ ಅರಬ್ ಪ್ರವಾಸಿ ಇದೇ ಶಿಲ್ಪ ನೋಡಿ, ಒಬ್ಬ ಮೇಷ್ಟರು ಮಕ್ಕಳಿಗೆ ಶಿಕ್ಷೆ ಕೊಡುತ್ತಿದ್ದಾರೆ ಎಂದುಕೊಂಡಿದ್ದ. ಬಿಲ್ಲು ಅವನ ಕಣ್ಣಿಗೆ ಬೆತ್ತವಾಗಿತ್ತು. ಇದನ್ನು ಹೇಳಿದಾಗ ಮಾವ ಮತ್ತೆ ದುರ್ಬೀನು ಏರಿಸಿದರು. "ಒಂಬತ್ತು ಹುಡುಗರು, ಹೋಮ್‌ವರ್ಕ್ ಮಾಡಿಲ್ಲ. ಒಬ್ಬ ಆಗಲೇ ಮಲಗಿಬಿಟ್ಟಿದ್ದಾನೆ. ಸರಿಯಾಗೇ ಹೇಳಿದ್ದಾನೆ ಕಣೋ."

ಇಬ್ನ್ ಹೌಕಲ್ ಏನೋ ಹದಿನಾಲ್ಕು ನೂರು ವರ್ಷದ ಮೇಲೆ ಬಂದವನು. ಕ್ಟೀಸಿಯಸ್ ಎಂಬ ಗ್ರೀಕ್ ವೈದ್ಯ ಪರ್ಷಿಯಾದ ಅರಮನೆಯಲ್ಲೇ ಕೆಲಸಕ್ಕಿದ್ದ, ಡೇರಿಯಸ್ ಸತ್ತು ನೂರು ವರ್ಷವೂ ಆಗಿರಲಿಲ್ಲ. ಅವನ ಪ್ರಕಾರ ಈ ಬಂಡೆಯ ಮೇಲೆ ಕೆತ್ತಿಸಿದವಳು ಸೆಮಿರಾಮಿಸ್ ಎಂಬ ರಾಣಿ! ನಂಬಿ ಎಂದು ಅಷ್ಟು ಬೇಡಿಕೊಂಡ ರಾಜನ ಹೆಸರೇ ಅಷ್ಟು ಬೇಗ ಅಳಿಸಿಹೋಗಿತ್ತು. ಮತ್ತೆ ಹೆಸರು ಹೊರಬಂದದ್ದು ಬ್ರಿಟಿಷ್ ಅಧಿಕಾರಿ ಹೆನ್ರಿ ರಾಲಿನ್ಸನ್ 1835ರಿಂದ ಏಣಿ ಹಾಕಿ ನಕಲು ತೆಗೆಯತೊಡಗಿದ ಮೇಲೆ. ಕೈಗೆಟುಕದ ಭಾಗಕ್ಕೆ ಒಬ್ಬ ಕುರ್ದ್ ಹುಡುಗ ಬಂಡೆಯ ಸಂದಿಗೆ ಗೂಟ ಹೊಡೆದು, ಹಗ್ಗ ಕಟ್ಟಿ, ತೇಲಾಡುತ್ತಾ ಹೋಗಿ ಅಕ್ಷರಗಳ ಅಚ್ಚು ತೆಗೆದ. ಆ ಹುಡುಗನ ಹೆಸರು ಯಾರೂ ಬರೆದಿಟ್ಟಿಲ್ಲ. ಡ್ರೈವರಿಗೆ ಸನ್ನೆಯಲ್ಲಿ ಇದನ್ನು ಹೇಳಲು ನೋಡಿದೆ. "ಕುರ್ದ್" ಎನ್ನುವುದು ತಿಳಿಯಿತು, ಎದೆ ತಟ್ಟಿಕೊಂಡ.

ಅದೇ ಹೊತ್ತಿನಲ್ಲಿ, 1837ರಲ್ಲಿ, ಕಲ್ಕತ್ತೆಯಲ್ಲಿ ಜೇಮ್ಸ್ ಪ್ರಿನ್ಸೆಪ್ ಅಶೋಕನ ಬ್ರಾಹ್ಮಿ ಓದಿದ್ದು. ಮರೆತುಹೋದ ಇಬ್ಬರು ದೊರೆಗಳು ಹೆಚ್ಚುಕಡಿಮೆ ಒಟ್ಟೊಟ್ಟಿಗೇ ಎದ್ದು ಕೂತರು.

ಇಲ್ಲೊಂದು ನಮ್ಮೂರಿನ ಮಾತಿದೆ. ಈ ಬಂಡೆಯ ಹಳೆಯ ಪಾರ್ಸಿಯಲ್ಲಿ ಬರಹಕ್ಕೆ ಇರುವ ಪದ 'ದಿಪಿ'. ಅಶೋಕನ ವಾಯವ್ಯದ ಶಾಸನಗಳಲ್ಲೂ 'ದಿಪಿ' ಎಂದೇ ಇದೆ, ಉಳಿದ ಕಡೆ 'ಲಿಪಿ'. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನವನ್ನು ಬರೆದವನು ಚಪಡ. ಇಡೀ ಶಾಸನ ಬ್ರಾಹ್ಮಿಯಲ್ಲಿ ಬರೆದು, ಕೊನೆಗೆ ತಾನು ಲಿಪಿಕಾರ ಎನ್ನುವ ಪದವನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದ. ಖರೋಷ್ಠಿ ಹುಟ್ಟಿದ್ದು ಪರ್ಷಿಯಾದ ಕಚೇರಿಗಳಲ್ಲಿ ಓಡಾಡುತ್ತಿದ್ದ ಅರಮಾಯಿಕ್ ಅಕ್ಷರದಿಂದ. ಅಂದರೆ ಡೇರಿಯಸ್‌ನ ಗುಮಾಸ್ತರ ಅಕ್ಷರದ ಮೊಮ್ಮಗ ಮೊಳಕಾಲ್ಮೂರು ತಾಲೂಕಿನ ಬಂಡೆಯ ಮೇಲೆ ಕೂತಿದ್ದಾನೆ. ಮಾವ ಇದನ್ನು ಮೂವತ್ತೊಂದು ವರ್ಷವೂ ಮಕ್ಕಳಿಗೆ ಹೇಳಿದ್ದಾರಂತೆ. ಬಿಸುತೂನ್ ಕೆಳಗೆ ನಿಂತು ನನಗೆ ಇನ್ನೊಂದ್ಸಲ ಹೇಳಿದರು. ಕೇಳಿದೆ.

ರಾತ್ರಿ ಕೆರ್ಮಾನ್‌ಶಾಹ್‌ನಲ್ಲಿ ಊಟ. ಬರ್ಬರಿ ರೊಟ್ಟಿ, ಸುಟ್ಟ ಬದನೆಕಾಯಿಯ ಗೊಜ್ಜಿನಂಥದ್ದು. ಅದರ ಮೇಲೆ ಮಾವನ ಚಟ್ನಿಪುಡಿ. ಡ್ರೈವರ್ ಒಂದು ಚಿಟಿಕೆ ನಾಲಿಗೆಗೆ ಹಾಕಿಕೊಂಡು ಎರಡು ಲೋಟ ನೀರು ಕುಡಿದ.

ನಾಲ್ಕನೇ ದಿನ: ದಾರಿಯಲ್ಲೇ

ವಿಮಾನದಲ್ಲಿ ಟೆಹರಾನ್, ಅಲ್ಲಿಂದ ಶಿರಾಜ್. ಕಾದದ್ದೇ ಜಾಸ್ತಿ. ಶಿರಾಜಿನ ಹೋಟೆಲಿನಲ್ಲಿ "ನಿಮ್ಮ ಹೆಸರಲ್ಲಿ ರೂಮಿಲ್ಲ" ಅಂದರು. ನನ್ನ ಹತ್ತಿರ ರಸೀದಿ ಇತ್ತು, ಅವರ ರಿಜಿಸ್ಟರಿನಲ್ಲಿ ಹೆಸರಿರಲಿಲ್ಲ. ಎರಡು ಲಿಖಿತ ಆಧಾರ, ಒಂದಕ್ಕೊಂದು ತಾಳೆ ಇಲ್ಲ. ಕೊನೆಗೆ ಪಕ್ಕದ ಗಲ್ಲಿಯ ಮನೆಯೊಂದರಲ್ಲಿ ಜಾಗ ಸಿಕ್ಕಿತು. ಅಂಗಳದಲ್ಲಿ ಕಿತ್ತಳೆ ಗಿಡ. ಹೋಟೆಲಿಗಿಂತ ಅದೇ ಚೆನ್ನಾಗಿತ್ತು.

ಕಾಯುವ ಹೊತ್ತಿನಲ್ಲಿ ಕ್ಯಾಂಬೈಸಿಸ್ ನೆನಪಾದ. ಈಜಿಪ್ಟ್ ಗೆದ್ದವನು, ನಮ್ಮ ಪಟ್ಟಿಯಲ್ಲಿ ಅವನಿಗೆ ಒಂದು ಸ್ಟಾಪೂ ಇಲ್ಲ. ಪರ್ಷಿಯನ್ನರು ಸೈರಸ್‌ನನ್ನು ತಂದೆ, ಕ್ಯಾಂಬೈಸಿಸ್‌ನನ್ನು ದಣಿ, ಡೇರಿಯಸ್‌ನನ್ನು ಅಂಗಡಿಕಾರ ಎನ್ನುತ್ತಿದ್ದರು ಎಂದು ಹೆರೊಡೊಟಸ್ ಬರೆದಿದ್ದಾನೆ. ದಣಿ ಅನ್ನುವುದು ಮರ್ಯಾದೆಯ ಮಾತಾಯಿತು. ಉಳಿದ ಪುಟಗಳಲ್ಲಿ ಅವನು ಪೂರ್ತಿ ಹುಚ್ಚ. ಈಜಿಪ್ಟಿನವರು ದೇವರೆಂದು ಪೂಜಿಸುವ ಏಪಿಸ್ ಹೋರಿಯ ತೊಡೆಗೆ ಕತ್ತಿ ಹಾಕಿ ಕೊಂದವನು.

ಆದರೆ ಮೆಂಫಿಸ್‌ನಲ್ಲಿ ಆ ಹೋರಿಗಳ ಸಮಾಧಿಯೇ ಸಿಕ್ಕಿದೆ. ಕ್ರಿ.ಪೂ. 524ರಲ್ಲಿ ಒಂದು ಏಪಿಸ್‌ಗೆ ಎಲ್ಲ ಮರ್ಯಾದೆಯೊಂದಿಗೆ ಸಮಾಧಿಯಾಗಿದೆ. ಅಲ್ಲಿನ ಕಲ್ಲಿನಲ್ಲಿ ಕ್ಯಾಂಬೈಸಿಸ್ ಈಜಿಪ್ಟಿನ ದೊರೆಯ ವೇಷದಲ್ಲಿ ಮಂಡಿಯೂರಿದ್ದಾನೆ. ಹೋರಿಯ ಕಲ್ಲಿನ ಪೆಟ್ಟಿಗೆ ಮಾಡಿಸಿಕೊಟ್ಟವನೂ ಅವನೇ. ಉಜಾಹೊರ್ರೆಸ್ನೆಟ್ ಎಂಬ ಈಜಿಪ್ಟಿನ ಅಧಿಕಾರಿಯ ವಿಗ್ರಹ ಈಗ ವ್ಯಾಟಿಕನ್‌ನಲ್ಲಿದೆ. ಅದರ ಮೇಲಿನ ಬರಹವೂ ಕ್ಯಾಂಬೈಸಿಸ್ ನೀತ್ ದೇವಿಯ ಗುಡಿಯಲ್ಲಿ ಬೀಡುಬಿಟ್ಟಿದ್ದ ಹೊರಗಿನವರನ್ನು ಖಾಲಿ ಮಾಡಿಸಿ ಪೂಜೆ ಮತ್ತೆ ನಡೆಸಿದ ಎನ್ನುತ್ತದೆ.

"ಮತ್ತೆ ಹುಚ್ಚ ಅಂದಿದ್ದು ಯಾರು?" ಅಂದರು ಮಾವ, ಅವಲಕ್ಕಿ ತಿನ್ನುತ್ತಾ.

ಪೂಜಾರಿಗಳು. ಕ್ಯಾಂಬೈಸಿಸ್ ಗುಡಿಗಳಿಗೆ ಹೋಗುತ್ತಿದ್ದ ಸರ್ಕಾರಿ ದಾನಕ್ಕೆ ಕತ್ತರಿ ಹಾಕಿದ್ದ. ಹೆರೊಡೊಟಸ್ ಈಜಿಪ್ಟಿಗೆ ಹೋದಾಗ ಅವನಿಗೆ ಕಥೆ ಹೇಳಿದವರಲ್ಲಿ ಪೂಜಾರಿಗಳೇ ಮುಂದು. ಇದಕ್ಕೆ ಮಾವ ಏನೂ ಅನ್ನಲಿಲ್ಲ. ಪೆನ್ನು ತೆಗೆದು ನೋಟ್‌ಬುಕ್ಕಿನ ಅಂಚಿನಲ್ಲಿ ಏನೋ ಬರೆದುಕೊಂಡರು. ಆಮೇಲೆ ಕದ್ದು ನೋಡಿದೆ: "ಹೇಳಿದವರು ಯಾರು?" ಕೆಂಪು ಪೆನ್ನಿನಲ್ಲಿ.

ಐದನೇ ದಿನ: ಪರ್ಸೆಪೊಲಿಸ್

ಶಿರಾಜಿನಿಂದ 60 ಕಿಲೋಮೀಟರ್. ಇಲ್ಲಿಯವರು ಇದನ್ನು ತಖ್ತ್-ಎ-ಜಮ್ಶೀದ್ ಅನ್ನುತ್ತಾರೆ, ಜಮ್ಶೀದನ ಸಿಂಹಾಸನ. ಜಮ್ಶೀದ ಪುರಾಣದ ದೊರೆ. ಫಿರ್ದೌಸಿ 1010ರಲ್ಲಿ ಮುಗಿಸಿದ ಶಾಹನಾಮೆಯಲ್ಲಿ ಜಮ್ಶೀದನಿಗೆ ದೊಡ್ಡ ಪಾತ್ರ. ಸೈರಸ್, ಕ್ಸರ್ಕ್ಸಿಸ್‌ರ ನಿಜವಾದ ಕಥೆ ಅದರಲ್ಲಿ ಇಲ್ಲವೇ ಇಲ್ಲ. ಕಟ್ಟಿಸಿದ ಡೇರಿಯಸ್‌ನನ್ನು ಊರವರು ಮರೆತರು, ಸೋಲಿಸಿದ ಗ್ರೀಕರು ನೆನಪಿಟ್ಟುಕೊಂಡರು!

ಮೆಟ್ಟಿಲುಗಳು ಒಂದು ಗೇಣೂ ಎತ್ತರವಿಲ್ಲ. ಮಾವನ ಮಂಡಿಗೆ ಹಬ್ಬ. ಮೇಲೆ ಕ್ಸರ್ಕ್ಸಿಸ್ ಕಟ್ಟಿಸಿದ ಸರ್ವದೇಶಗಳ ಬಾಗಿಲು. ರೆಕ್ಕೆಯ ಗೂಳಿಗಳ ಮೈ ಮೇಲೆಲ್ಲ ಬಂದುಹೋದವರು ಹೆಸರು ಕೊರೆದಿದ್ದಾರೆ. "ಸ್ಟ್ಯಾನ್ಲಿ, ನ್ಯೂಯಾರ್ಕ್ ಹೆರಾಲ್ಡ್, 1870" ಎಂಬುದು ಎದ್ದು ಕಾಣುತ್ತದೆ. ದುರ್ಗದ ಕೋಟೆಗೋಡೆಯ ಪ್ರೇಮಿಗಳು ಮಾವನಿಗೆ ನೆನಪಾದರು.

ನಾವು ಜಾಸ್ತಿ ಹೊತ್ತು ನಿಂತದ್ದು ಅಪದಾನ ಸಭಾಂಗಣದ ಪೂರ್ವದ ಮೆಟ್ಟಿಲ ಬಳಿ. 72 ಕಂಬಗಳಲ್ಲಿ ಈಗ ನಿಂತಿರುವುದು ಕೆಲವೇ. ಮೆಟ್ಟಿಲ ಗೋಡೆಯ ಮೇಲೆ 23 ನಾಡುಗಳ ಜನ ಕಾಣಿಕೆ ಹಿಡಿದು ಬರುತ್ತಿದ್ದಾರೆ. ನಮ್ಮವರನ್ನು ಹುಡುಕುವುದು ಕಷ್ಟವಾಗಲಿಲ್ಲ. ಮುಂದಾಳು ಬಿಟ್ಟರೆ ಉಳಿದವರದು ಬರಿಮೈ, ಸೊಂಟಕ್ಕೆ ಪಂಚೆ, ಬರಿಗಾಲು. ಒಬ್ಬ ಹೆಗಲ ಮೇಲೆ ಅಡ್ಡೆ ಹೊತ್ತಿದ್ದಾನೆ, ಎರಡೂ ತುದಿಯ ಬುಟ್ಟಿಯಲ್ಲಿ ಸಣ್ಣ ಗಡಿಗೆಗಳು. ಅವನ ಹಿಂದೆ ಕತ್ತೆಯಂಥ ಪ್ರಾಣಿ, ಕೊಡಲಿ ಹಿಡಿದವನೊಬ್ಬ. ಅಡ್ಡೆಯವನ ಕಾಲಿನ ಮೀನಖಂಡ ಕೂಡ ಬಿಗಿದಿದೆ. ಭಾರ ಹೊತ್ತವನನ್ನು ಕಂಡವನೇ ಕಡೆದಿದ್ದಾನೆ.

ಆ ಗಡಿಗೆಗಳಲ್ಲಿ ಇರುವುದು ಚಿನ್ನದ ಪುಡಿ ಎನ್ನುತ್ತಾರೆ. ಹೆರೊಡೊಟಸ್‌ನ ಲೆಕ್ಕದಲ್ಲಿ ಭಾರತದವರ ವರ್ಷದ ಕಪ್ಪ 360 ಟ್ಯಾಲೆಂಟ್ (ಆ ಕಾಲದ ಒಂದು ತೂಕ) ಚಿನ್ನದ ಪುಡಿ. ಆ ಚಿನ್ನವನ್ನು ಮರಳುಗಾಡಿನಲ್ಲಿ ನಾಯಿಗಿಂತ ಸಣ್ಣ, ನರಿಗಿಂತ ದೊಡ್ಡ ಇರುವೆಗಳು ಅಗೆದು ತೆಗೆಯುತ್ತವೆ ಎಂದೂ ಸೇರಿಸಿದ್ದಾನೆ. ನಾನು ಮಾವನ ಮುಖ ನೋಡಿದೆ. "ಕೇಳಿದ್ದನ್ನ ಬರೆದಿದ್ದಾನೆ ಪಾಪ," ಅಂದರು.

ಈಗ ಆ ಸೋಪಿನ ತುಂಡುಗಳ ಕಥೆ. ನಮ್ಮ ಗೈಡ್ ಶಿರಾಜಿನ ಹುಡುಗಿ, ಪುರಾತತ್ವ ಓದಿದವಳು. ವಾಯವ್ಯದ ಮೆಟ್ಟಿಲು, ಗೂಳಿ, ಕಂಬ ಎಲ್ಲ ಬೇಗ ಬೇಗ ಹೇಳಿ ಮುಗಿಸಿ, ನಮ್ಮನ್ನು ಈಶಾನ್ಯದ ಕೋಟೆಗೋಡೆಯ ಕಡೆ ಕರೆದೊಯ್ದಳು. ಅಲ್ಲಿ ನೋಡಲು ಏನೂ ಇಲ್ಲ. 1933ರಲ್ಲಿ ಅರ್ನ್‌ಸ್ಟ್ ಹರ್ಟ್ಸ್‌ಫೆಲ್ಡ್‌ನ ತಂಡಕ್ಕೆ ಆ ಗೋಡೆಯೊಳಗೆ ಹತ್ತಾರು ಸಾವಿರ ಮಣ್ಣಿನ ಬಿಲ್ಲೆ ಮತ್ತು ಚೂರು ಸಿಕ್ಕವು. ಕ್ರಿ.ಪೂ. 509ರಿಂದ 493ರವರೆಗಿನ ಲೆಕ್ಕ, ಹೆಚ್ಚಿನವು ಎಲಾಮೈಟ್ ಭಾಷೆಯಲ್ಲಿ. ಓದಲು ಶಿಕಾಗೋಗೆ ಹೋದವು. ಅಮೆರಿಕದ ಕೋರ್ಟಿನಲ್ಲಿ ಅವನ್ನು ಹರಾಜಿಗೆ ಎಳೆಯುವ ಪ್ರಯತ್ನವೂ ನಡೆಯಿತು. 2018ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇರಾನಿನ ಪರ ತೀರ್ಪು ಕೊಟ್ಟಿತು. ಮರುವರ್ಷ ಸಾವಿರದ ಏಳುನೂರಕ್ಕೂ ಹೆಚ್ಚು ಬಿಲ್ಲೆ ಮನೆಗೆ ಬಂದವು.

ಏನಿದೆ ಅದರಲ್ಲಿ? ಇಂಥ ಊರಿನ ಉಗ್ರಾಣದಿಂದ ಇಷ್ಟು ಜೋಳಿಗೆ ಬಾರ್ಲಿ, ಇಂಥವನಿಗೆ. ಇಷ್ಟು ಅಳತೆ ವೈನ್, ಇಂಥ ಕೂಲಿ ಹೆಂಗಸರಿಗೆ. ಹೆರಿಗೆಯಾದವಳಿಗೆ ವಿಶೇಷ ಪಡಿ; ಗಂಡು ಹೆತ್ತವಳಿಗೆ ಹೆಣ್ಣು ಹೆತ್ತವಳ ಎರಡರಷ್ಟು. ಭಾರತದಿಂದ ಬಂದು ಹೋಗುವ ಪ್ರಯಾಣಿಕರಿಗೆ ದಾರಿಯ ಹಿಟ್ಟು. ಒಂದು ಬಿಲ್ಲೆಯಲ್ಲಿ ಅಧಿಕಾರಿ ಪರ್ನಕ್ಕ ಬರೆಯುತ್ತಾನೆ: ದೊರೆ ಡೇರಿಯಸ್ ನನಗೆ ಅಪ್ಪಣೆ ಮಾಡಿದ್ದಾನೆ, ತನ್ನ (ದೊರೆಯ) ಆಸ್ತಿಯಿಂದ ರಾಣಿ ಇರ್ತಷ್ದುನಳಿಗೆ ನೂರು ಕುರಿ ಕೊಡಿ ಅಂತ. ಇವಳೇ ಹೆರೊಡೊಟಸ್‌ನ ಆರ್ಟಿಸ್ಟೋನೆ, ಸೈರಸ್‌ನ ಮಗಳು, ಡೇರಿಯಸ್‌ಗೆ ಎಲ್ಲರಿಗಿಂತ ಪ್ರೀತಿಯ ಹೆಂಡತಿ. ಅವಳ ಚಿನ್ನದ ವಿಗ್ರಹ ಮಾಡಿಸಿದ್ದ ಎನ್ನುತ್ತಾನೆ ಹೆರೊಡೊಟಸ್. ವಿಗ್ರಹ ಸಿಕ್ಕಿಲ್ಲ, ಕುರಿಯ ಚೀಟಿ ಸಿಕ್ಕಿದೆ.

ಮಾವ ಆ ಖಾಲಿ ಗೋಡೆಯನ್ನೇ ನೋಡುತ್ತಾ ನಿಂತುಬಿಟ್ಟರು. "ಅಯ್ಯೋ, ಮ್ಯೂಸಿಯಮ್ಮಿನಲ್ಲಿ ಸರಿಯಾಗಿ ನೋಡಲೇ ಇಲ್ಲವಲ್ಲೋ." ಸ್ವಲ್ಪ ಹೊತ್ತಿನ ಮೇಲೆ, "ಅಂಗಡಿಕಾರ ಅಂದಿದ್ದು ಸುಳ್ಳಲ್ಲ ಬಿಡು. ಎಂಥ ಲೆಕ್ಕ!"

ನನಗೆ ಹಿಡಿಸಿದ್ದು ಬೇರೆ. ಬಂಡೆಯ ಮೇಲಿನ ಡೇರಿಯಸ್ ನಮ್ಮನ್ನು ಒಪ್ಪಿಸಲು ಹೆಣಗುತ್ತಾನೆ. ಹೆರೊಡೊಟಸ್ ರಂಜಿಸುತ್ತಾನೆ. ಈ ಗುಮಾಸ್ತನಿಗೆ ನಮ್ಮ ಗೊಡವೆಯೇ ಇಲ್ಲ. ತಿಂಗಳ ಕೊನೆಗೆ ಲೆಕ್ಕ ತಾಳೆಯಾದರೆ ಅವನಿಗೆ ಸಾಕು.

ಸಂಜೆ ಇಳಿಯುವಾಗ ಸುಟ್ಟ ಕಥೆ ಬಂತು. ಕ್ರಿ.ಪೂ. 330ರಲ್ಲಿ ಅಲೆಕ್ಸಾಂಡರ್ ಈ ಊರಿಗೆ ಬೆಂಕಿ ಇಟ್ಟ. ಕುಡಿದ ಅಮಲಿನಲ್ಲಿ, ಥಾಯಿಸ್ ಎಂಬ ವೇಶ್ಯೆಯ ಮಾತು ಕೇಳಿ ಎಂದು ಪ್ಲೂಟಾರ್ಕ್ ಮೊದಲಾದವರು. ಕ್ಸರ್ಕ್ಸಿಸ್ ಅಥೆನ್ಸ್ ಸುಟ್ಟದ್ದಕ್ಕೆ ಸೇಡು, ಯೋಚಿಸಿಯೇ ಮಾಡಿದ್ದು ಎಂದು ಆರಿಯನ್. ಅಲೆಕ್ಸಾಂಡರ್‌ಗೂ ತನ್ನ ಹೆಸರಿನ ಚಿಂತೆ ಇದ್ದೇ ಇತ್ತು.

ಆರನೇ ದಿನ: ನಕ್ಷ್-ಎ-ರುಸ್ತಂ

ಪರ್ಸೆಪೊಲಿಸ್‌ನಿಂದ ಕೆಲವೇ ಕಿಲೋಮೀಟರ್. ಬಂಡೆಯ ಎತ್ತರದಲ್ಲಿ ಶಿಲುಬೆಯ ಆಕಾರದ ನಾಲ್ಕು ಸಮಾಧಿ. ಡೇರಿಯಸ್‌ನದು ಬರಹದಿಂದ ಖಚಿತ. ಇಲ್ಲೂ ಹೆಸರು ಶಾಹನಾಮೆಯ ವೀರ ರುಸ್ತುಮನದು.

ಡೇರಿಯಸ್ ತನ್ನ ಗುಣಗಾನ ಇಲ್ಲಿ ಮಾಡಿಕೊಂಡಿದ್ದಾನೆ. ನಾನು ನ್ಯಾಯದ ಸ್ನೇಹಿತ, ಬಲಶಾಲಿಯಿಂದ ಬಡವನಿಗೆ ಅನ್ಯಾಯವಾಗುವುದು ನನಗೆ ಇಷ್ಟವಿಲ್ಲ, ನನಗೆ ಬೇಗ ಸಿಟ್ಟು ಬರುವುದಿಲ್ಲ, ಬಂದರೂ ಹತೋಟಿಯಲ್ಲಿ ಇಡುತ್ತೇನೆ. ಒಳ್ಳೆಯ ಸವಾರ, ಒಳ್ಳೆಯ ಬಿಲ್ಲುಗಾರ. ಓದಿದರೆ ಒಬ್ಬ ಮನುಷ್ಯನ ಸ್ವಭಾವ ಕಂಡಂತೆ ಆಗುತ್ತದೆ. ಆದರೆ 1967ರಲ್ಲಿ ಪರ್ಸೆಪೊಲಿಸ್ ಹತ್ತಿರ ಒಂದು ಕಲ್ಲುಹಲಗೆ ಸಿಕ್ಕಿತು. ಅದೇ ಸಿಟ್ಟು, ಅದೇ ಸವಾರಿ, ಅದೇ ಬಿಲ್ಲು. ಹೆಸರು ಮಾತ್ರ ಕ್ಸರ್ಕ್ಸಿಸ್‌ನದು.

"ನಾನು ಎರಡನೇ ದಿನವೇ ಹೇಳಲಿಲ್ವಾ?" ಅಂದರು ಮಾವ.

ಹಾಗಂತ ಕ್ಸರ್ಕ್ಸಿಸ್ ಬರೀ ಕಾಪಿ ಹೊಡೆದವನಲ್ಲ. 1935ರಲ್ಲಿ ಪರ್ಸೆಪೊಲಿಸ್‌ನಲ್ಲಿ ಸಿಕ್ಕ ಅವನ ಶಾಸನವೊಂದರಲ್ಲಿ, ಮೊದಲು ದೈವಗಳ ಪೂಜೆ ನಡೆಯುತ್ತಿದ್ದ ಕಡೆ ನಾನು ಆ ದೈವಗಳ ಗುಡಿ ಕೆಡವಿದೆ ಎಂದಿದ್ದಾನೆ. ಆ ಪದ 'ದೈವ'ವೇ. ನಮ್ಮ 'ದೇವ'ನ ಅಣ್ಣತಮ್ಮ, ಆದರೆ ಅಲ್ಲಿ ಅದಕ್ಕೆ ಕೆಟ್ಟ ಶಕ್ತಿ ಎಂಬ ಅರ್ಥ. ಇದನ್ನು ಓದಿ ಕ್ಸರ್ಕ್ಸಿಸ್ ಗುಡಿ ಒಡೆದ ಮತಾಂಧ ಎಂದವರೂ ಇದ್ದಾರೆ. ಯಾವ ಊರು, ಯಾವ ಗುಡಿ ಎಂದು ಶಾಸನ ಹೇಳುವುದಿಲ್ಲ. ರಾಜನ ವಾಡಿಕೆಯ ಮಾತು ಇರಬಹುದು ಎನ್ನುವವರೂ ಇದ್ದಾರೆ. ಕ್ರಿ.ಪೂ. 480ರಲ್ಲಿ ಕ್ಸರ್ಕ್ಸಿಸ್ ಸಲಾಮಿಸ್‌ನ ಸಮುದ್ರ ಕಾಳಗದಲ್ಲಿ ಗ್ರೀಕರಿಗೆ ಸೋತ. ಎಂಟೇ ವರ್ಷಕ್ಕೆ ಅಥೆನ್ಸಿನವರು ಅವನ ಸೋಲನ್ನು ನಾಟಕ ಮಾಡಿ ನೋಡಿದರು. ಆಗ ಹರಿದ ಬಟ್ಟೆಯಲ್ಲಿ ರಂಗಕ್ಕೆ ಬಂದವನು ಇವತ್ತಿನ ಹಾಲಿವುಡ್‌ವರೆಗೂ ಮೈತುಂಬ ಬಟ್ಟೆ ಹಾಕಿಕೊಂಡಿಲ್ಲ.

ಏಳನೇ ದಿನ: ಪಸರ್ಗಡೆ

ಬಯಲು, ಗಾಳಿ, ನಡುವೆ ಒಂದೇ ಕಲ್ಲಿನ ಮನೆ. ಆರು ಹಂತದ ಜಗಲಿ, ಮೇಲೆ ಇಳಿಜಾರು ಸೂರಿನ ಕೋಣೆ. ಸೈರಸ್‌ನ ಸಮಾಧಿ. ಒಟ್ಟು ಎತ್ತರ ಹನ್ನೊಂದು ಮೀಟರ್. ಪರ್ಸೆಪೊಲಿಸ್ ನೋಡಿ ಬಂದವರಿಗೆ ಇಷ್ಟೇನಾ ಅನ್ನಿಸುತ್ತದೆ. ಹತ್ತು ನಿಮಿಷ ಕೂತರೆ ಹಾಗನ್ನಿಸುವುದಿಲ್ಲ.

ಎಲ್ಲರೂ ಒಳ್ಳೆಯ ಮಾತಾಡಿದ ದೊರೆ ಇವನೊಬ್ಬನೇ. ಬ್ಯಾಬಿಲೋನಿನಿಂದ ಬಿಡಿಸಿದ್ದಕ್ಕೆ ಯೆಹೂದಿಗಳ ಗ್ರಂಥ ಅವನನ್ನು ದೇವರು ಅಭಿಷೇಕ ಮಾಡಿದವನು ಎನ್ನುತ್ತದೆ. ಗ್ರೀಕ್ ಕ್ಸೆನೊಫೋನ್‌ಗೆ ಅವನು ಮಾದರಿ ಅರಸ. ಬ್ಯಾಬಿಲೋನಿನಲ್ಲಿ 1879ರಲ್ಲಿ ಸಿಕ್ಕ ಮಣ್ಣಿನ ಸಿಲಿಂಡರಿನಲ್ಲಿ ಅಲ್ಲಿನ ದೇವರು ಮರ್ದುಕನೇ ಅವನ ಕೈ ಹಿಡಿದು ಊರೊಳಗೆ ಕರೆತಂದ. ಆ ಸಿಲಿಂಡರ್ 2013ರ ಕೊನೆಯಲ್ಲಿ ಮುಂಬೈಗೆ ಬಂದಿತ್ತು. ಮಾವ ರಾತ್ರಿ ಬಸ್ಸಿನಲ್ಲಿ ಹೋಗಿ ನೋಡಿ ಬಂದಿದ್ದರು. "ರಾಗಿ ಮುದ್ದೆ ಒತ್ತಿದ ಹಾಗಿದೆ, ಒಂದು ಗೇಣುದ್ದ."

ಅದನ್ನು ಜಗತ್ತಿನ ಮೊದಲ ಮಾನವ ಹಕ್ಕುಗಳ ಪತ್ರ ಎಂದು ಪ್ರಚಾರ ಮಾಡಿದವರು ಇರಾನಿನ ಕೊನೆಯ ಶಾ. 1971ರಲ್ಲಿ ಇದೇ ಸಮಾಧಿಯ ಮುಂದೆ ನಿಂತು, ಸೈರಸ್, ನೀನು ನೆಮ್ಮದಿಯಾಗಿ ಮಲಗು, ನಾವು ಎಚ್ಚರವಾಗಿದ್ದೇವೆ ಎಂದರು. ಸಿಲಿಂಡರಿನ ನಕಲನ್ನು ವಿಶ್ವಸಂಸ್ಥೆಗೂ ಕೊಟ್ಟರು. ಆದರೆ ಅದು ಬ್ಯಾಬಿಲೋನಿನ ಪುರೋಹಿತರು ಗೆದ್ದ ದೊರೆಗೆ ಬರೆದುಕೊಟ್ಟ ಹೊಗಳಿಕೆ. ಹಕ್ಕು ಎಂಬ ಪದವೇ ಇಲ್ಲ. ಅದೇ ಬ್ಯಾಬಿಲೋನಿನ ಇನ್ನೊಂದು ಬಿಲ್ಲೆ, ವರ್ಷವರ್ಷದ ಘಟನೆ ಗುರುತು ಹಾಕಿದ್ದು, ಊರು ಕೈಗೆ ಬರುವ ಮುಂಚೆ ಓಪಿಸ್‌ನಲ್ಲಿ ಕಾಳಗ ಮತ್ತು ಕೊಲೆ ನಡೆದದ್ದನ್ನು ಎರಡೇ ಸಾಲಿನಲ್ಲಿ ಹೇಳುತ್ತದೆ. ಶಾ ಹೋದರು, ಸೈರಸ್ ಉಳಿದ. 2016ರ ಅಕ್ಟೋಬರ್ 28ರಂದು ಸಾವಿರಾರು ಜನ ಇಲ್ಲಿ ಸೇರಿ ಅವನ ಹೆಸರು ಕೂಗಿದರು. ಆಮೇಲಿನ ವರ್ಷಗಳಲ್ಲಿ ಆ ದಿನ ಈ ದಾರಿಗೇ ಅಡ್ಡ ಕಟ್ಟಿದರು.

ಅವನು ಸತ್ತದ್ದು ಹೇಗೆ? ಹೆರೊಡೊಟಸ್‌ನಲ್ಲಿ ತೊಮಿರಿಸ್ ರಾಣಿ ಅವನ ತಲೆಯನ್ನು ರಕ್ತ ತುಂಬಿದ ಚರ್ಮದ ಚೀಲದಲ್ಲಿ ಅದ್ದುತ್ತಾಳೆ. ಕ್ಸೆನೊಫೋನ್‌ನಲ್ಲಿ ಹಾಸಿಗೆಯ ಮೇಲೆ, ಮಕ್ಕಳಿಗೆ ಬುದ್ಧಿ ಹೇಳುತ್ತಾ. ಕ್ಟೀಸಿಯಸ್‌ನಲ್ಲಿ ಕಾಳಗದಲ್ಲಿ ಗಾಯವಾಗಿ. ಈಟಿ ಎಸೆದವನು ಒಬ್ಬ ಭಾರತೀಯ! ಇದನ್ನು ಇಲ್ಲಿ ಜೋರಾಗಿ ಹೇಳಬೇಡಿ ಎಂದು ಗೈಡ್ ಹುಡುಗಿ ಮಾವನಿಗೆ ನಗುತ್ತಾ ಎಚ್ಚರಿಕೆ ಕೊಟ್ಟಳು.

ಈ ಕಟ್ಟಡಕ್ಕೆ ಊರವರು ಇಟ್ಟಿದ್ದ ಹೆಸರು ಸೊಲೊಮೋನನ ತಾಯಿಯ ಸಮಾಧಿ. ಒಳಗೊಂದು ಮಿಹ್ರಾಬ್, ಅಂದರೆ ನಮಾಜಿಗೆ ಮೆಕ್ಕಾ ದಿಕ್ಕು ತೋರುವ ಗೂಡು, ಕೂಡ ಕೊರೆದಿದ್ದಾರೆ. ಅರಮನೆಯ ಕಂಬದ ಮೇಲೆ "ನಾನು ಸೈರಸ್, ದೊರೆ, ಅಕೆಮೆನಿಡ್ ವಂಶದವನು" ಎಂದಿದೆ. ಅದನ್ನು ಕೆತ್ತಿಸಿದವನೂ ಡೇರಿಯಸ್ಸೇ ಎಂದು ಬಹಳ ವಿದ್ವಾಂಸರ ಅಭಿಪ್ರಾಯ. ಸಿಂಹಾಸನಕ್ಕೆ ಹೊರಗಿನಿಂದ ಬಂದವನಿಗೆ ಸೈರಸ್ ನಮ್ಮ ವಂಶದವನೇ ಎಂದು ತೋರಿಸುವುದು ಬೇಕಾಗಿತ್ತು. ಬಿಸುತೂನ್‌ನಲ್ಲಿ ನಂಬಿ ನಂಬಿ ಎಂದವನು ಇಲ್ಲಿ ಸತ್ತವನ ಬಾಯಲ್ಲೇ ಸಾಕ್ಷಿ ಹೇಳಿಸಿದ. ಮಾವನಿಗೆ ಈಗ ಡೇರಿಯಸ್ ಮೇಲೆ ಹೊಸ ಗೌರವ ಬಂದಿತ್ತು, ಕಿಲಾಡಿ ವಿದ್ಯಾರ್ಥಿಯ ಮೇಲೆ ಮೇಷ್ಟರಿಗೆ ಬರುವಂಥದ್ದು.

ಹೊರಡುವಾಗ ರಸ್ತೆಗೆ ಅಡ್ಡ ಕುರಿಮಂದೆ. ಚಳಿಗಾಲಕ್ಕೆ ದಕ್ಷಿಣಕ್ಕೆ ಇಳಿಯುವ ಅಲೆಮಾರಿಗಳದು. ಗಾಡಿ ನಿಂತಿತು. ಮಾವ ಕಿಟಕಿ ಇಳಿಸಿ ಬೆರಳು ಮಡಚುತ್ತಾ ಎಣಿಸತೊಡಗಿದರು. ಧೂಳು ಎದ್ದು ನಡುವೆ ಒಂದೆರಡು ಸಲ ಲೆಕ್ಕ ತಪ್ಪಿತು. ಕೊನೆಯ ಕುರಿ ದಾಟಿದ ಮೇಲೆ ನೋಟ್‌ಬುಕ್ಕು ಬಿಚ್ಚಿದರು.

"ಎಷ್ಟಾಯ್ತು ಮಾವ?"

"ಎಂಬತ್ತು ಚಿಲ್ಲರೆ. ರಾಣಿಗೆ ಸಾಲಲ್ಲ."